ಟವೆಲ್ ಕೆಳಗಿನ ಬೆರಳು

ನನ್ನ ಅನುಮಾನದ ಅಪ್ಪನಿಗೆ,

ಕೋಪ ಮಾಡಿಕೊಳ್ಳಬೇಡ. ನಮ್ಮೂರು ತಾಳ್ಯದಲ್ಲಿ ಎಲ್ಲರೂ ನಿನ್ನನ್ನು ಹಾಗೇ ಕರೆಯುತ್ತಿದ್ದರಲ್ಲ, 'ಅನುಮಾನದ ಕರಿಯಪ್ಪ' ಅಂತ. ನೀನು ಹೋಗಿ ಎರಡು ವರ್ಷವಾಯಿತು, ಈಗ ಆ ಹೆಸರು ನನಗೆ ಸಲ್ಲಬೇಕು. ಜರ್ಮನಿಗೆ ಬಂದು ಒಂದು ವರ್ಷದ ಮೇಲಾಯಿತು, ವೃದ್ಧಾಶ್ರಮವೊಂದರಲ್ಲಿ ನರ್ಸ್ ಕೆಲಸ. ಅಂಚೆಯವನು ಗಂಟೆ ಒತ್ತಿದರೂ ಬಾಗಿಲ ಕಿಂಡಿಯಲ್ಲಿ ಎರಡು ಸಲ ನೋಡಿಯೇ ಚಿಲಕ ತೆಗೆಯುತ್ತೇನೆ. ಯಾರ ಮಗಳು ಹೇಳು?

ನಾನು ದುರ್ಗದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಗ ರಜಕ್ಕೆ ಊರಿಗೆ ಬಂದು, ಫೋನಿನಲ್ಲಿ ಜರ್ಮನ್ ಪಾಠ ಒಪ್ಪಿಸುತ್ತಿದ್ದೆನಲ್ಲ, ನೆನಪಿದೆಯಾ? ನೀನು ಕುರಿ ರೊಪ್ಪದ ಬಾಗಿಲಲ್ಲಿ ಕೂತು ಕೇಳುತ್ತಿದ್ದೆ. "ಏನವ್ವ ಅದು, ಗಂಟ್ಲಾಗೆ ಮೂಳೆ ಸಿಗಾಕ್ಕಂಡಂಗೆ ಮಾತಾಡ್ತೀಯ? ಆ ಪಾಠ ಹೇಳೋನು ನಿನ್ನ ಬೈತಾ ಇದ್ರೂ ನಿಂಗೆ ಹೆಂಗೆ ಗೊತ್ತಾಗ್ತೈತೆ?" ಅಂದಿದ್ದೆ. ಆಗ ನಾನು ನಕ್ಕಿದ್ದೆ. ಇಲ್ಲಿಗೆ ಬಂದ ಮೇಲೆ ನಗು ನಿಂತುಹೋಯಿತು. ಬ್ಯಾಂಕಿನಿಂದ ಕಾಗದದ ಮೇಲೆ ಕಾಗದ ಬಂತು, ಒಂದೊಂದು ಪದವೂ ಮೊಳದುದ್ದ. ಒಂದರಲ್ಲಿ ಗುಪ್ತಸಂಖ್ಯೆ, ಇನ್ನೊಂದರಲ್ಲಿ ಆ್ಯಪ್ ಚಾಲೂ ಮಾಡುವ ಸಂಕೇತ. ಮೂರನೆಯದು ಏನೆಂದೇ ತಿಳಿಯಲಿಲ್ಲ. ಅಸಲಿಯೋ, ನಕಲಿಯೋ... ಎಲ್ಲವನ್ನೂ ರವೆ ಡಬ್ಬಿಯಲ್ಲಿ ಬಚ್ಚಿಟ್ಟೆ.

ಎಂಟು ವರ್ಷದವಳಿದ್ದಾಗ ನಿನ್ನ ಜೊತೆ ಹಿರಿಯೂರು ಸಂತೆಗೆ ಬಂದಿದ್ದೆ. ನೀನೂ ದಲ್ಲಾಳಿಯೂ ಕೈ ಹಿಡಿದು, ಮೇಲೆ ಟವೆಲ್ ಮುಚ್ಚಿ, ಬೆರಳು ಒತ್ತಿ ಒತ್ತಿ ಕುರಿಗೆ ಬೆಲೆ ಕಟ್ಟುತ್ತಿದ್ದಿರಿ. ಒಂದು ಮಾತಿಲ್ಲ. ಯಾಕಪ್ಪಾ ಅಂತ ಕೇಳಿದ್ದಕ್ಕೆ, "ಬಾಯಿಗೆ ಬಂದಿದ್ದು ಊರಿಗೆಲ್ಲ ಗೊತ್ತಾಗ್ತೈತೆ ಕಣವ್ವ. ಬೆಳ್ಳು ಯಾರ್ಗೂ ಹೇಳಲ್ಲ" ಅಂದೆ. ಇಲ್ಲಿನ ಎಟಿಎಂನಲ್ಲಿ ನಾನು ಕೈ ಮೇಲೆ ಶಾಲು ಹೊದಿಸಿಕೊಂಡೇ ಅಂಕಿ ಒತ್ತುವುದು. ಹಿಂದೆ ನಿಂತವರು ಮುಸಿಮುಸಿ ನಗುತ್ತಾರೆ. ನಗಲಿ ಬಿಡು.

ಮೇಲಿನ ಮನೆಯಲ್ಲಿ ಇಂಗ್ರಿಡ್ ಅಂತ ಒಬ್ಬರು ಅಜ್ಜಿ ಇದ್ದಾರೆ, ಸ್ಕೂಲ್ ಟೀಚರ್ ಆಗಿದ್ದವರು. ಮೆಟ್ಟಿಲ ಮೇಲೆ ನನ್ನ ಹರಕು ಜರ್ಮನ್ ಕೇಳಿದ್ದೇ ತಡ, ವಾರಕ್ಕೆರಡು ಮಧ್ಯಾಹ್ನ ನನ್ನ ಅಡುಗೆಮನೆಗೇ ಬಂದು ಪಾಠ ಶುರುಮಾಡಿದರು. ದುಡ್ಡು ಕೊಡಹೋದರೆ ಬೇಡ ಅಂದರು. ಅಲ್ಲೇ ನನಗೆ ಅನುಮಾನ ಹತ್ತಿತು. ಪುಕ್ಕಟೆಗೆ ಯಾರು ಯಾರಿಗೆ... "ಬ್ಯಾಂಕಿನ ಕಾಗದ ತಾ, ಅದನ್ನೇ ಓದಿ ಕಲಿಯೋಣ" ಅಂದರು ಒಂದು ದಿನ. ಕಾಗದವೇ ಬಂದಿಲ್ಲ ಅಂದುಬಿಟ್ಟೆ. ಅವರು ಹೋದ ಮೇಲೆ ಡಬ್ಬಿಯ ಜಾಗ ಬದಲಾಯಿಸಿದೆ.

ಆ ಖಾತೆಯಲ್ಲಿ ಇದ್ದದ್ದು ಬರೀ ದುಡ್ಡಲ್ಲ ಅಪ್ಪಾ. ನಿನ್ನ ಮೊಮ್ಮಗಳು ಸಿರಿ ಅವ್ವನ ಹತ್ತಿರ ತಾಳ್ಯದಲ್ಲೇ ಇದ್ದಾಳಲ್ಲ, ಅವಳನ್ನೂ ಅವಳಪ್ಪನನ್ನೂ ಕರೆಸಿಕೊಳ್ಳಲು ಇಲ್ಲಿ ದೊಡ್ಡ ಮನೆ ತೋರಿಸಬೇಕು, ಮುಂಗಡ ಕಟ್ಟಬೇಕು. ನನ್ನ ಉಳಿತಾಯವೆಲ್ಲ ಅದಕ್ಕೇ. "ಅಮ್ಮಾ, ನಾಳಿಕ್ಕೆ ಬರ್ಲಾ?" ಅಂತ ವಿಡಿಯೋದಲ್ಲಿ ದಿನಾ ಕೇಳುತ್ತಿದ್ದಳು. ನಾಲ್ಕು ವರ್ಷದ ಮಗುವಿಗೆ ಎಷ್ಟು ಸಲ ಸುಳ್ಳು ಹೇಳಲಿ?

ಹೀಗಿರುವಾಗ ಒಂದು ಮಧ್ಯಾಹ್ನ, ಅಜ್ಜಿ ಎದುರಿಗೆ ಕೂತಿದ್ದಾಗಲೇ ಫೋನ್ ಬಂತು. ಬ್ಯಾಂಕಿನವನಂತೆ. ಅವನ ಜರ್ಮನ್ ಎಷ್ಟು ನಿಧಾನ, ಎಷ್ಟು ತಿಳಿ! ಇಲ್ಲಿಗೆ ಬಂದ ಮೇಲೆ ಮೊದಲ ಸಲ ಒಬ್ಬರ ಮಾತು ಪೂರ್ತಿ ಅರ್ಥವಾಯಿತು. ಹಿಗ್ಗಿ ಹೀರೇಕಾಯಿಯಾದೆ. ನಿಮ್ಮ ಖಾತೆಗೆ ಯಾರೋ ಕೈಹಾಕಿದ್ದಾರೆ, ತಕ್ಷಣ ತಡೆಯಬೇಕು ಅಂದ. ನಾನೇನು ದಡ್ಡಿಯೇ? "ಗುಪ್ತಸಂಖ್ಯೆ ಹೇಳುವುದಿಲ್ಲ" ಅಂದೆ. "ಹೇಳಲೇಬೇಡಿ ಮೇಡಂ, ನನಗೂ ಹೇಳಬೇಡಿ. ಆ್ಯಪ್‌ನಲ್ಲಿ ಹಸಿರು ಗುಂಡಿ ಬಂದಿದೆ, ಬೆರಳಿಂದ ಒತ್ತಿ, ಸಾಕು." ಬಾಯಿ ಬೇಡ, ಬೆರಳು! ನೀನೇ ಎದುರು ನಿಂತು ಹೇಳಿದಂತಾಯಿತು. ಸ್ಪೀಕರ್ ಹಾಕಿ ಆ್ಯಪ್ ತೆರೆದೆ. ಅಜ್ಜಿಗೆ ಕಾಣಬಾರದೆಂದು ಮೇಜಿನ ಮೇಲಿದ್ದ ಟವೆಲನ್ನು ಫೋನಿನ ಮೇಲೆ ಎಳೆದುಕೊಂಡೆ. ಇನ್ನೇನು ಒತ್ತಬೇಕು...

ಅಜ್ಜಿ ಟವೆಲ್ ಸಮೇತ ಫೋನ್ ಕಿತ್ತುಕೊಂಡು ಕರೆ ಕಟ್ ಮಾಡಿದರು. ನನಗೆ ಮೈಯೆಲ್ಲ ಉರಿಯಿತು. "ಕಳ್ಳಿ! ಕೊಡೇ ನನ್ ಫೋನು! ಇದಕ್ಕೇ ಏನೇ ನೀನು ಬರ್ತಾ ಇದ್ದಿದ್ದು?" ಅಂತ ನಮ್ಮ ಮಾತಿನಲ್ಲೇ ಕಿರುಚಿದೆ. ಮಾತು ತಿಳಿಯದಿದ್ದರೂ ನನ್ನ ಮುಖ ಅವರಿಗೆ ತಿಳಿಯಿತು. ಫೋನನ್ನು ನನ್ನ ಮುಂದೆಯೇ ಇಟ್ಟು, "ಒತ್ತಬೇಡ. ಮೊದಲು ಓದು, ಜೋರಾಗಿ ಓದು" ಅಂದರು. ಗುಂಡಿಯ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಪದ ಪದ ಬಿಡಿಸಿ ಓದಿದೆ. ತಡೆಯುವುದಲ್ಲ, ಕಳಿಸುವುದು. ನನ್ನಲ್ಲಿದ್ದ ಅಷ್ಟೂ ಹಣ, ಕಂಡು ಕೇಳರಿಯದ ಒಂದು ಹೆಸರಿಗೆ. ಅದನ್ನು ರದ್ದು ಮಾಡಿ ಅತ್ತೆ. ಅವತ್ತೇ ಅಜ್ಜಿ ಬ್ಯಾಂಕಿಗೆ ಕರೆದುಕೊಂಡು ಹೋಗಿ, ಎಲ್ಲ ಸಂಖ್ಯೆ ಬದಲಾಯಿಸಿಕೊಡುವವರೆಗೂ ಪಕ್ಕದಲ್ಲೇ ಕೂತಿದ್ದರು.

ಅವತ್ತಿನಿಂದ ನಿನ್ನ ಮೇಲೆ ನನಗೊಂದು ಸಿಟ್ಟಿದೆ ಅಪ್ಪಾ. ನಿನಗೆ ಎದೆನೋವು ಬಂದ ಬೆಳಿಗ್ಗೆ ಪಕ್ಕದ ಮನೆ ತಿಪ್ಪೇಶಣ್ಣ ಬಾಗಿಲಿಗೇ ಆಟೋ ತಂದಿದ್ದನಂತೆ. "ಏಳ್ ಮಾವ, ಹೊಳಲ್ಕೆರೆ ಆಸ್ಪತ್ರಿಗೆ ಹೋಗಾಣ. ಕುರಿ ನಾವು ನೋಡ್ಕಂತೀವಿ" ಅಂದನಂತೆ. ನೀನು ಏನಂದೆ? "ನನ್ ಕುರಿ ನಿಮ್ ಕೈಗಾ? ಸಂಜಿಗೆ ಮಗಳು ಬರ್ತಾಳೆ, ಅವಳ ಜೊತಿಗೆ ಹೋಗ್ತೀನಿ ಬಿಡು." ನಾನು ಬಸ್ಸಿಳಿದು ಬರುವಷ್ಟರಲ್ಲಿ... ಒಂದು ದಿನ, ಒಂದೇ ಒಂದು ದಿನ ಅವರನ್ನು ನಂಬಿದ್ದರೆ ಏನು ಹೋಗುತ್ತಿತ್ತು? ನಾನು ನರ್ಸು, ಬೆಳಿಗ್ಗೆಯಿಂದ ಸಂಜೆವರೆಗೆ ಎಷ್ಟು ಹೊತ್ತಿತ್ತು ಅಂತ ನನಗೆ ಗೊತ್ತು. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಅಜ್ಜಿಯ ಮೇಲಿನ ಅನುಮಾನ ಪೂರ್ತಿ ಹೋಯಿತಾ ಅಂತ ಕೇಳುತ್ತೀಯಾ? ನಿನ್ನ ರಕ್ತ ಅಲ್ಲವಾ, ಎಲ್ಲಿ ಹೋಗುತ್ತದೆ? ಮೊನ್ನೆ ಅವರು ಎದ್ದು ಹೋದ ಮೇಲೆ ಪರ್ಸ್ ತೆಗೆದು ನೋಡಿಕೊಂಡು, ಆಮೇಲೆ ನಾಚಿಕೆಯಿಂದ ತಲೆ ಚಚ್ಚಿಕೊಂಡೆ.

ಈಗ ಸುದ್ದಿ ಕೇಳು. ಇದೇ ಕಟ್ಟಡದಲ್ಲಿ ದೊಡ್ಡ ಮನೆ ಸಿಕ್ಕಿತು, ವೀಸಾ ಬಂತು. ಮುಂದಿನ ತಿಂಗಳು ಸಿರಿ ಬರುತ್ತಾಳೆ. ಇಲ್ಲಿನ ಶಿಶುವಿಹಾರದ ಅರ್ಜಿಯನ್ನು ಯಾರನ್ನೂ ಕೇಳದೆ, ಪ್ರತಿ ಸಾಲನ್ನೂ ಓದಿ ನಾನೇ ತುಂಬಿದೆ. ಕೊನೆಯಲ್ಲೊಂದು ಪ್ರಶ್ನೆಯಿತ್ತು: ತಂದೆತಾಯಿ ಬರಲಾಗದ ದಿನ ಮಗುವನ್ನು ಯಾರ ಕೈಗೆ ಒಪ್ಪಿಸಬಹುದು? ಪೆನ್ನು ಎತ್ತಿದೆ. "ಯಾರ್ ಕೈಗೂ ಬ್ಯಾಡ" ಅಂತ ನೀನು ಅಂದದ್ದು ಕೇಳಿಸಿತು.

ಬೈಕೋ ಅಪ್ಪಾ. ಅಜ್ಜಿಯ ಹೆಸರು ಬರೆದೆ.

ನಿನ್ನ ಮಗಳು,
ರತ್ನಿ