ಅಪ್ಪನ ಹೊಸ ಕೈ

ಶ್ರೀ ಹೊಯ್ಸಳೇಶ್ವರ ಪ್ರಸನ್ನ

ಬಸ್ತಿಹಳ್ಳಿ
14-11-2006

ಮಗಳು ಧನುಶ್ರೀಗೆ ಅವ್ವನ ಆಶೀರ್ವಾದಗಳು.

ನಾವು ಕ್ಷೇಮ. ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ತಡವಾಯಿತು, ಬೇಸರಪಡಬೇಡ. ಈ ಸಲವೂ ಹಸು ಕರು ಹಾಕಿತೇ ಎಂದು ಕೇಳಿದ್ದೀಯೇ ಹೊರತು ಅಪ್ಪ ಹೇಗಿದ್ದಾರೆ ಎಂದು ಒಂದು ಸಾಲಿಲ್ಲ. ನಿನ್ನ ಮದುವೆಯಲ್ಲಿ ದೊಡ್ಡಪ್ಪ ಧಾರೆ ಎರೆದು ಮೂರು ವರ್ಷವಾಯಿತು. ಅಪ್ಪನಿಗೆ ಮಗಳಿಗಿಂತ ನಾಚಿಕೆಯೇ ಹೆಚ್ಚಾಯಿತು ಎಂಬ ನಿನ್ನ ಕೋಪ ಇನ್ನೂ ಇಳಿದಿಲ್ಲ.

ನೀನು ಕೇಳದಿದ್ದರೂ ಬರೆಯುತ್ತೇನೆ. ಮದುವೆಯ ಹಿಂದಿನ ವರ್ಷ ಒಕ್ಕಣೆ ಯಂತ್ರಕ್ಕೆ ಸಿಕ್ಕಿ ಬಲಗೈ ಹೋಯಿತಲ್ಲ, ಈಗ ಬೆಂಗಳೂರಿನ ಆಸ್ಪತ್ರೆಯವರು ಹೊಸ ನಮೂನೆಯ ಕೈಯೊಂದನ್ನು ಪರೀಕ್ಷೆಗೆಂದು ಹಾಕಿದ್ದಾರೆ. ಮೊಳಕೈ ಕೆಳಗಿನ ಮಾಂಸ ಬಿಗಿ ಮಾಡಿದರೆ ಬೆರಳುಗಳು ಮುಚ್ಚುತ್ತವೆ. ಹಿಡಿದದ್ದು ಜಾರಿದರೆ ಕೈಗೇ ಗೊತ್ತಾಗಿ, ತಾನೇ ಬಿಗಿ ಮಾಡುತ್ತದೆ. ಮೊದಲ ವಾರ ಹಿಡಿದ ಬಾಳೆಹಣ್ಣೆಲ್ಲ ರಸಾಯನ. ಪಕ್ಕದ ಮನೆ ಕೆಂಚಪ್ಪ, "ಏನ್ಲಾ ಚನ್ನಪ್ಪ, ನನ್ ಕೈ ಕುಲುಕಕ್ ಬರಬ್ಯಾಡ ಕಣ್ಲಾ, ನಂಗಿರೋದೂ ಎರಡೇ" ಎಂದ. ನಿಮ್ಮಪ್ಪ ಎಷ್ಟೋ ದಿನದ ಮೇಲೆ ನಕ್ಕರು. ಆಮೇಲೆ ನನಗೊಬ್ಬಳಿಗೇ ಹೇಳಿದರು: "ಜಾರಿದ್ದು ಅದಕ್ಕೆ ಗೊತ್ತಾಯ್ತದೆ ಕಣೇ, ನಂಗೇ ಗೊತ್ತಾಗಕಿಲ್ಲ."

ಹಳೆಯ ಕೈಗೆ ಏನೆಲ್ಲ ತಿಳಿಯುತ್ತಿತ್ತು! ತೆಂಗಿನಕಾಯಿ ಎತ್ತಿ ಒಮ್ಮೆ ಅಲುಗಿಸಿದರೆ ಸಾಕು, ಒಳಗೆ ಕೊಬ್ಬರಿಯಾಗಿದೆಯೋ ಇಲ್ಲವೋ ಹೇಳುವರು. ನಿನಗೆ ಐದು ವರ್ಷವಿದ್ದಾಗ ಹುಲಿಕೆರೆ ಕೊಳಕ್ಕೆ ಹೋಗಿದ್ದೆವು. ಮೆಟ್ಟಿಲಿಳಿಸಲು ನಿನ್ನ ಕೈ ಹಿಡಿದವರು ಅಲ್ಲೇ ನಿಂತು, "ಕೂಸಿಗೆ ಜ್ವರ ಐತೆ, ನೀರು ಮುಟ್ಟಿಸಬ್ಯಾಡ" ಎಂದರು. ಬೆಳಗಿನಿಂದ ಸೊಂಟದಲ್ಲಿ ಹೊತ್ತಿದ್ದ ನನಗೇ ತಿಳಿದಿರಲಿಲ್ಲ.

ನೆನ್ನೆ ಕಾರ್ತಿಕ ಸೋಮವಾರ. ದೇವಸ್ಥಾನದಿಂದ ಬಂದರೆ, ಹಿತ್ತಲಲ್ಲಿ ಒಬ್ಬರೇ ಕೂತಿದ್ದಾರೆ. ಮುಂದೆ ತಟ್ಟೆ, ವೀಳ್ಯದೆಲೆ, ಮೇಲೊಂದು ತೆಂಗಿನಕಾಯಿ. ಹೊಸ ಕೈಯಲ್ಲಿ ಚೊಂಬು ಹಿಡಿದು ಸಣ್ಣಗೆ ಹಾಲು ಎರೆಯುತ್ತಿದ್ದಾರೆ.

"ಏನ್ರೀ ಇದು?" ಎಂದೆ.

"ಸುಮ್ಕಿರು. ಕೈ ಪಳಗಿಸ್ತಾ ಇವ್ನಿ."

ಒಂದು ಹನಿ ಆಚೆ ಬೀಳಲಿಲ್ಲ, ಮಗಳೇ.

ಒಮ್ಮೆ ಬಂದು ಹೋಗು. ಬಾಣಾವರದಲ್ಲಿ ರೈಲಿಳಿದರೆ ಕರೆತರಲು ಅವರೇ ಬರುತ್ತಾರೆ. ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸು. ಆ ಸ್ವಾಮಿ ನಿನ್ನ ಮಡಿಲು ತುಂಬಲಿ.

ನಿನ್ನ ಅವ್ವ,
ಸುಮಿತ್ರಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿನ್ನ ಮದುವೆಯ ದಿನ ಅಪ್ಪ ಪಂಚೆಯುಟ್ಟು, ಎಡಗೈಯಲ್ಲೇ ಚೊಂಬು ಹಿಡಿದು ಮಂಟಪಕ್ಕೆ ಹೊರಟಿದ್ದರು. ಬಾಗಿಲಿಗೆ ಅಡ್ಡ ನಿಂತು, "ಎಡಗೈಲಿ ಧಾರೆ ಎರೆದ್ರೆ ಮಗಳಿಗೆ ಕೇಡು, ದೇವ್ರು ಮೆಚ್ಚಕಿಲ್ಲ" ಎಂದು ಚೊಂಬು ಕಿತ್ತುಕೊಂಡವಳು ನಾನು. ನೀನು ಅಂದದ್ದನ್ನೆಲ್ಲ ಮೂರು ವರ್ಷ ಅವರೇ ನುಂಗಿಕೊಂಡರು, ನನ್ನ ಹೆಸರೆತ್ತಲಿಲ್ಲ. ಬಂದಾಗ ಮೊದಲು ಅವರನ್ನು ಮಾತಾಡಿಸು. ನನ್ನನ್ನು ಯಾವಾಗ ಮಾತಾಡಿಸಿದರೂ ಸರಿ.