ಓಬಯ್ಯನ ಕುದುರೆ ಮರಿ

೧೨-೧-೨೦೨೫, ಭಾನುವಾರ, ಮಿಡಿಗೇಶಿ.

ಮಾನ್ಯ ಅಧ್ಯಕ್ಷರಾದ ಸೊಳ್ಳೆಪರದೆಯವರೇ, ಗೋಡೆಯ ಮೇಲೆ ಆಸೀನರಾಗಿರುವ ಹಲ್ಲಿಯವರೇ, ಇಂದಿನ ಉಪನ್ಯಾಸ ನಮ್ಮ ಓಬಯ್ಯನ ಸತ್ತ ಕುದುರೆ ಮರಿಯನ್ನು ಕುರಿತು.

ಮದುವೆ ಮೆರವಣಿಗೆಗೆ ಹೋಗುವ ಅವನ ಬಿಳಿ ಕುದುರೆ ಹಾಕಿದ ಮರಿ ಅದು. ಮುಟ್ಟಿದಲ್ಲೆಲ್ಲ ಚರ್ಮ ಸುಲಿದು ಬರುತ್ತಿತ್ತು. ಮೇಲ್ಚರ್ಮವನ್ನು ಒಳಚರ್ಮಕ್ಕೆ ಅಂಟಿಸುವ ಪ್ರೋಟೀನೇ ಹುಟ್ಟಿನಿಂದ ಕೆಟ್ಟಿದೆ ಎಂದರು ದನದ ಡಾಕ್ಟರು. ತಂದೆ, ತಾಯಿ ಆ ದೋಷದ ಒಂದೊಂದು ಪಾಲು ಹೊತ್ತಿದ್ದರೂ ನೋಡಲು ಗಟ್ಟಿಮುಟ್ಟು. ಎರಡು ಪಾಲೂ ಮರಿಗೆ ಬಂದರೆ ಮುಗಿಯಿತು. ಹತ್ತಿರದ ನಂಟು, ಚರ್ಮಕ್ಕಿಲ್ಲ ಅಂಟು. ಪದ್ಯ ನನ್ನದೇ.

"ಯಾರ್ದೋ ಕಣ್ಣು ಬಿತ್ತು ಸಾ. ಮುಂದಿನ್ಸಲನೂ ಅದೇ ಗಂಡ್ಗೇ ಬುಡ್ತೀನಿ," ಅಂದ ಓಬಯ್ಯ.

"ಬ್ಯಾಡ ಕಣಯ್ಯ, ಅವೆರಡೂ ಅಕ್ಕ-ತಮ್ಮನ ಮಕ್ಕಳು," ಅಂದೆ ನಾನು.

"ಆದ್ರೇನ್ ಸಾ? ನಿಮ್ಮನೇಲೂ ಅಂಗೇ ಅಲ್ವಾ ಕೊಟ್ಟು ತರೋದು?"

ನಕ್ಕು ಎದ್ದು ಬಂದುಬಿಟ್ಟೆ.

ಸಭಿಕರೇ, ಉಪನ್ಯಾಸ ಸಾಕು. ನಾಳೆ ನಮ್ಮಕ್ಕ ಗಂಗಾಂಬಿಕಾ ತನ್ನ ಮಗನಿಗೆ ನನ್ನ ಮಗಳು ಅನುಷಾಳನ್ನು ಕೇಳಲು ಬರುತ್ತಿದ್ದಾಳೆ. "ಅಪ್ಪಾ, ನೀನೇ ಬ್ಯಾಡ ಅಂದ್ಬುಡು," ಎಂದು ಮಗಳು ಬೆಳಿಗ್ಗೆಯಿಂದ ಹಿಂದೆ ಬಿದ್ದಿದ್ದಾಳೆ. ಹೂಂ ಅಂದಿದ್ದೇನೆ. ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಅವಳ ಮುಖ ನೋಡಿಕೊಂಡು ಆ ಮಾತು ಆಡುವ ಧೈರ್ಯ ನನಗಿಲ್ಲ.