ಹಸಿರಾಗಿ ಬಂದ ನಿನ್ನ ಮುಖ

ಗೆಳೆಯಾ ಗುರ್ಯಾ,

ಬೈಯಬೇಡ. ಹೋದವನಿಗೆ ಯಾರಾದರೂ ಪತ್ರ ಬರೆಯುತ್ತಾರೇನೋ ಹುಚ್ಚಾ ಅಂತ ನೀನು ಅನ್ನುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಮತ್ತೆ ಯಾರಿಗೆ ಬರೆಯಲಿ? ನನಗೆ ಬಣ್ಣ ಸರಿಯಾಗಿ ಕಾಣುವುದಿಲ್ಲ ಅನ್ನುವುದು ಇಡೀ ಸೊಲ್ಲಾಪುರದಲ್ಲಿ ನಿನ್ನೊಬ್ಬನಿಗೇ ಗೊತ್ತಿತ್ತು.

ನಾವಿಬ್ಬರೂ ಸ್ಟುಡಿಯೊ ತೆರೆದ ಹೊಸದರಲ್ಲಿ ಮದುಮಗಳ ಹಸಿರು ಸೀರೆಯನ್ನು ನಾನು ಕಂದು ಅಂದಿದ್ದು ನೆನಪಿದೆಯಾ? ಗಿರಾಕಿಗಳು ನಕ್ಕರು, ನೀನು ನಗಲಿಲ್ಲ. ಅವರು ಹೋದ ಮೇಲೆ ಸಾವಕಾಶ ಕೇಳಿದ್ದು ನೀನು: "ಚನ್ನ್ಯಾ, ಖರೇ ಹೇಳು. ನಿಂಗ ಹಸರು, ಕೆಂಪು ಗೊತ್ತಾಗಂಗಿಲ್ಲ, ಹೌದಿಲ್ಲೋ?" ನಾನು ತಲೆ ತಗ್ಗಿಸಿದೆ. "ಹಂಗಾರ ಕಪ್ಪು-ಬಿಳಿ ಎಲ್ಲಾ ನಿಂದು, ಬಣ್ಣದ್ದೆಲ್ಲಾ ನಂದು. ಯಾರಿಗ್ಯಾಕ ಹೇಳೂದು?" ಅಷ್ಟಕ್ಕೇ ಆ ಮಾತು ಮುಗಿಯಿತು. ಮುಂದೆ ಯಾರಿಗೂ ಸುಳಿವು ಹತ್ತಲಿಲ್ಲ.

ತೊಂಬತ್ತೆಂಟರ ದೀಪಾವಳಿಗೆ ಕಂಪ್ಯೂಟರು, ಸ್ಕ್ಯಾನರು, ಇಂಕಿನ ಪ್ರಿಂಟರು ಬಂದವು. ಡಾರ್ಕ್‌ರೂಮಿನ ಸಾಮಾನು ಮಾರಿಬಿಟ್ಟೆವು. ಕಪ್ಪು-ಬಿಳಿ ಅಂದಮೇಲೆ ನನ್ನದೇ ರಾಜ್ಯ ಅಂತ ನಾನು ಕುರ್ಚಿ ಎಳೆದುಕೊಂಡು ಕೂತೆ. ಗಿರಾಕಿಯೊಬ್ಬರ ಅಜ್ಜನ ಮೊದಲ ಫೋಟೊ ಹೊರಬಂದಾಗ ನೀನು ಹೊಟ್ಟೆ ಹಿಡಿದು ನಕ್ಕೆ. "ಮಗನ, ಅಜ್ಜಾರ್ನ ಪಾಲಕ ಪಲ್ಯಾ ಮಾಡೀಯಲ್ಲೋ." ಈ ಯಂತ್ರ ಬೂದು ಬಣ್ಣವನ್ನು ಬರೀ ಕಪ್ಪಿನಿಂದ ಮಾಡುವುದಿಲ್ಲ, ನೀಲಿ, ಗುಲಾಬಿ, ಹಳದಿ ಮೂರನ್ನೂ ಬೆರೆಸುತ್ತದೆ, ಒಂದು ತುಸು ಹೆಚ್ಚಾದರೂ ಮುಖಕ್ಕೆ ಅದೇ ಬಣ್ಣ ಬಡಿಯುತ್ತದೆ ಅಂತ ನೀನೇ ಬಿಡಿಸಿ ಹೇಳಿದ್ದೆ. ಅಂದಿನಿಂದ ನನ್ನ ಕಪ್ಪು-ಬಿಳಿಯೂ ನಿನ್ನ ಕಣ್ಣಿನ ಮೇಲೆಯೇ ನಡೆಯಿತು.

ಈ ಸಲದ ಲಗ್ನಸರಾಯಿಯಲ್ಲಿ, ಮದುವೆಗಳ ಗದ್ದಲದ ನಡುವೆ, ನೀನು ಊಟದ ಡಬ್ಬಿಯನ್ನು ಹಾಗೆಯೇ ಮುಚ್ಚಿಡುತ್ತಿದ್ದೆ. ಕೇಳಿದರೆ, "ಪಿತ್ತ ಆಗೇತಿ ಬಿಡೋ." ಗಿರಾಕಿಗಳನ್ನು ನಾನು ನೋಡಿಕೊಳ್ಳುತ್ತಿದ್ದೆ, ನೀನು ಒಳಗಿನ ಕೋಣೆ ಬಿಟ್ಟು ಏಳುತ್ತಿರಲಿಲ್ಲ. ಗಿರಾಕಿಗಳು ಹೋದ ಮೇಲೆ ಎರಡು ವಾರ ಅಲ್ಲೇ ಎದುರುಬದುರು ಕೂತು ಕೆಲಸ ಮಾಡಿದೆವು. ಆ ಟ್ಯೂಬ್‌ಲೈಟಿನಲ್ಲಿ ತೆಳು ಹಳದಿಯೂ ನನಗೆ ಬಿಳಿಯೇ, ನಿನ್ನ ಕಣ್ಣು ಹಳದಿಯಾಗಿದ್ದು ನನಗೆ ಕಾಣಲಿಲ್ಲ, ಗುರ್ಯಾ. ಬೇರೆ ಯಾರೇ ನನ್ನ ಕುರ್ಚಿಯಲ್ಲಿದ್ದರೂ... ಕಡೆಗೆ ನೀನು ಬಸ್ ಹತ್ತಿ ಅಕ್ಕಲಕೋಟದ ಮನೆಗೆ ಹೋದಾಗ ನಿನ್ನ ತಂಗಿ ಸುವರ್ಣಾ ಬಾಗಿಲಲ್ಲೇ ಚೀರಿದಳಂತೆ. ಆಸ್ಪತ್ರೆಯಲ್ಲಿ ಕಾಮಾಲೆ ಅಂತ ಹೇಳಿ ಡಾಕ್ಟರು ಕೇಳಿದರು, "ಕಾಮಣಿ ಇಷ್ಟ ಏರೂತನಾ ಜೋಡಿ ಇದ್ದವ್ರು ಯಾರೂ ನೋಡಲಿಲ್ಲೇನ್ರಿ?" ಜೋಡಿ ಇದ್ದವನು ಅವರ ಮುಂದೆಯೇ ನಿಂತಿದ್ದ. ಐದು ದಿನಕ್ಕೆ ನೀನು ಹೋದೆ.

ದಿನಕರ್ಮ ಮುಗಿದ ಮೇಲೆ ಕಾಕು, ನಿನ್ನ ಅವ್ವ, ನನ್ನನ್ನು ಕರೆದು ಕೂರಿಸಿಕೊಂಡರು. "ಚನ್ನೂ, ಇವನ ಫೋಟೊ ಅವರಪ್ಪನ ಬಾಜೂಕ ಹಾಕಬೇಕು. ಅವರದು ಕಪ್ಪು-ಬಿಳಿ ಐತಿ, ಇವಂದೂ ಹಂಗ ಮಾಡ್ಕೊಂಡು ಬಾ." ಕುರನೂರ ಡ್ಯಾಮಿನ ಮೇಲೆ ನಾನು ತೆಗೆದಿದ್ದೆನಲ್ಲ, ನೀನು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿರುವುದು, ಅದನ್ನೇ ಸ್ಕ್ಯಾನ್ ಮಾಡಿ ಪ್ರಿಂಟ್ ತೆಗೆದು ಕಟ್ಟು ಹಾಕಿಸಿ ಒಯ್ದೆ. ಸುವರ್ಣಾ ಕಾಗದ ಬಿಚ್ಚಿ, "ಆಯಿ, ದಾದಾ ಹಿರವಾ ದಿಸ್ತೋಯ" ಅಂತ ಮರಾಠಿಯಲ್ಲಿ ಅಂದಳು, ಅಣ್ಣ ಹಸಿರು ಕಾಣುತ್ತಿದ್ದಾನೆ ಅಂತ. ಕಾಕು ಅವಳ ಕೈ ಹಿಡಿದು, "ಹಸರ ಇಲ್ಲ ಏನಿಲ್ಲ, ಸುಮ್ನಿರು" ಅಂದರು. ಅಂದರೂ ಸೆರಗು ಬಾಯಿಗೆ ಹೋಗಿತ್ತು. ಕೊನೆಯ ದಿನ ನಿನ್ನ ಮುಖ ಅದೇ ಬಣ್ಣಕ್ಕೆ ತಿರುಗಿತ್ತಂತೆ. ನಾನು ಅದನ್ನೇ ಕಟ್ಟು ಹಾಕಿಸಿ ತಾಯಿಯ ಕೈಗೆ ಕೊಟ್ಟಿದ್ದೆ.

ಫೋಟೊ ವಾಪಸು ತಂದು ಹಸಿರು ಇಳಿಸಿದೆ, ಗುಲಾಬಿ ಏರಿಸಿದೆ, ಕಂಪ್ಯೂಟರಿನಲ್ಲಿ ಬರೀ ಅಂಕಿ ನೋಡಿಕೊಂಡು. ಕಾಗದ ಬದಲಿಸಿದೆ. ಯಾರನ್ನು ಕೇಳುವುದು? ಪಕ್ಕದ ಚಾದರ ಅಂಗಡಿಯ ಶೇಟಜಿಗೆ ಸುಮ್ಮನೆ ಅನ್ನುವ ಹಾಗೆ ತೋರಿಸಿದೆ. ಚಲೋ ಅದ ಅಂದರು. ಆಮೇಲೆ ಗಿರಾಕಿಗೆ ಚಾದರದ ಬಣ್ಣ ತೋರಿಸಲು ಇಳಿಯುವಂತೆ ಫೋಟೊ ಹಿಡಿದು ರಸ್ತೆಗೆ ಇಳಿದರು. "ಬಿಸಲಾಗ ಗುಲಾಬಿ ಹೊಡ್ಯಾಕತ್ತೈತಲ್ಲಪಾ. ಟ್ಯೂಬಲೈಟ್ನ್ಯಾಗ ಎಂದೂ ಬಣ್ಣ ನೋಡಬಾರದು." ಒಳಗೊಂದು ಬಣ್ಣ, ಹೊರಗೊಂದು ಬಣ್ಣ, ನನಗೆ ಎರಡೂ ಇಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ. ಫೋಟೊ ಕೆಟ್ಟಿತೆಂದು ಅಳುತ್ತಿದ್ದೇನೆ ಅಂದುಕೊಂಡು ಶೇಟಜಿ ಚಹಾ ತರಿಸಿದರು.

ಮರುದಿನ ಬಣ್ಣದ ಇಂಕುಗಳನ್ನೆಲ್ಲ ಬಂದ್ ಮಾಡಿ ಬರೀ ಕಪ್ಪು ಇಂಕಿನಲ್ಲಿ ತೆಗೆದೆ. ಬಣ್ಣವೇ ಇಲ್ಲದ ಮೇಲೆ ತಪ್ಪುವುದೇನು? ಕೆನ್ನೆಯ ಮೇಲೆ ಸಣ್ಣ ಸಣ್ಣ ಚುಕ್ಕಿ ಕಾಣುತ್ತವೆ, ನೀನಿದ್ದರೆ ಹರಿದು ಒಗೆಯುತ್ತಿದ್ದೆ. ಶೇಟಜಿ ಒಳಗೂ ಹೊರಗೂ ನೋಡಿ, ಈಗ ಬೂದು ಅಂದರೆ ಬೂದು ಅಂದರು.

ನಿನ್ನೆ ಕಾಕು ಅದನ್ನು ತಾವೇ ಸ್ಟೂಲು ಹತ್ತಿ ಗೋಡೆಗೆ ಹಾಕಿದರು. ಬಹಳ ಹೊತ್ತು ನೋಡಿ, "ಈಗ ಅವನ್ಹಂಗ ಕಾಣಸ್ತಾನ" ಅಂದರು. ನನಗೆ ತಡೆಯಲಾಗಲಿಲ್ಲ. "ಕಾಕು, ನಂಗ ಬಣ್ಣ ಕಾಣಂಗಿಲ್ರಿ. ಅವನ ಕಣ್ಣ ಹಳದಿ ಆಗಿದ್ದು ನಂಗ ಗೊತ್ತಾಗಲಿಲ್ರಿ. ನನ್ನಿಂದ ಹೋದನ್ರಿ ಅವ."

ಕಾಕು ಸುವರ್ಣಾಳನ್ನು ಚಹಾ ಮಾಡಲು ಒಳಗೆ ಕಳಿಸಿದರು. ಆಮೇಲೆ ನನ್ನ ಹತ್ತಿರ ಸರಿದು ಕೂತು ಹೇಳಿದರು, "ನಂಗ ಕಂಡಿತ್ತೋ ಚನ್ನೂ. ಅದಕ್ಕೂ ಮೊದಲ ಅಕ್ಷಯ ತದಿಗಿಗೆ ಒಂದ ದಿನಾ ಬಂದಾಗ, ಉಣ್ಣಾಕ ಕುಂತಾಗ, ಕಣ್ಣ ತುಸು ಹಳದಿ ಕಂಡಿತ್ತು. ನಿದ್ದಿಗೆಟ್ಟು ಲಗ್ನದ ಕೆಲಸ ಮಾಡ್ಯಾನ, ಅದಕ್ಕ ಹಂಗಾಗೇತಿ ಅಂತ ಇನ್ನೊಂದು ವಾಟಗಾ ಮಾವಿನಹಣ್ಣಿನ ಸೀಕರಣಿ ನೀಡಿದೆ. ಬ್ಯಾಡ ಅಂದ. ನಾನ ಬಿಡಲಿಲ್ಲ."

ಈ ಮಾತನ್ನು ಅವರು ಮಗಳಿಗೂ ಹೇಳಿಲ್ಲ, ನಾನೂ ಯಾರಿಗೂ ಹೇಳುವುದಿಲ್ಲ. ನಿನಗೆ ಗೊತ್ತಿರಲಿ ಅಂತ ಬರೆದೆ. ಸಿಟ್ಟು ಬಂದರೆ ನನ್ನ ಮೇಲೆ ಬರಲಿ, ಆ ತಾಯಿಯ ಮೇಲೆ ಬೇಡ. ಬರುವ ರವಿವಾರ ಊಟಕ್ಕೆ ಬಾ ಅಂದಿದ್ದಾರೆ. ಹೋಗುತ್ತೇನೆ ಗುರ್ಯಾ. ಅವರು ಎಷ್ಟು ನೀಡಿದರೂ ಬೇಡ ಅನ್ನದೆ ಉಣ್ಣುತ್ತೇನೆ.

ನಿನ್ನ,
ಚನ್ನ್ಯಾ